ಡಾಂಗ್‌ ಮತ್ತು ಲಂಕಾ ರೂಪಾಯಿ: ಹಳೆಯ ದರ ನಾವೇ ತೆಗೆಯುವ ಬಗೆ

ಸಿದ್ದಾಪುರದ ಕಡೆ ಕೆಲವು ತೋಟಗಳ ಲೆಕ್ಕ ಬರೆಯೋದು ನನ್ನ ಕೆಲಸ. ಕಾಫಿ ಇದ್ದಲ್ಲಿ ಕರಿಮೆಣಸು ಇದ್ದೇ ಇರುತ್ತದೆ. ಮೆಣಸಿನ ಮಾತು ಬಂತು ಅಂದರೆ ವಿಯೆಟ್ನಾಂ, ಶ್ರೀಲಂಕಾ ಎರಡೂ ಬಂದೇ ಬರುತ್ತವೆ. ವಿಯೆಟ್ನಾಂ ಮೆಣಸು ಲಂಕೆಯ ದಾರಿ ಹಿಡಿದು, ಅಲ್ಲಿಯ ಸರಕಿಗಿರುವ ಸುಂಕ ರಿಯಾಯಿತಿಯಲ್ಲಿ ಇಲ್ಲಿಗೆ ಇಳಿಯುತ್ತದೆ ಅನ್ನೋದು ಕೊಡಗಿನ ಬೆಳೆಗಾರರ ಹಳೆಯ ದೂರು. ಅದು ಯಾವ ತಿಂಗಳು ಗಿಟ್ಟುತ್ತಿತ್ತು, ಯಾವ ತಿಂಗಳು ಇಲ್ಲ ಅಂತ ನೋಡಬೇಕಾದರೆ ವಿಯೆಟ್ನಾಂನ ಡಾಕ್ ಲಾಕ್ ಬೆಲೆ, ಲಂಕೆಯ ಮಾತಲೆ ಬೆಲೆ ಎರಡನ್ನೂ ಒಂದೇ ಹಣದಲ್ಲಿ ಇಡಬೇಕು. ಅಲ್ಲಿಗೆ ವಿಯೆಟ್ನಾಂ ಹಣವಾದ ಡಾಂಗ್ ಮತ್ತು ಲಂಕಾ ರೂಪಾಯಿಯ ಹಳೆಯ ದರ ಬೇಕೇ ಬೇಕು.

ಹುಡುಕಿದರೆ ನೆಟ್‌ನಲ್ಲಿ ರೆಡಿ ದರ ಸಿಗುತ್ತದೆ. ನಾನು ಅದನ್ನು ಮುಟ್ಟೋದಿಲ್ಲ. ಈ ಎರಡು ಹಣವನ್ನು ನೇರವಾಗಿ ಅದಲು ಬದಲು ಮಾಡುವ ಮಾರುಕಟ್ಟೆ ಅಂತ ಹೇಳಿಕೊಳ್ಳುವಂಥದ್ದು ಇಲ್ಲ. ಎರಡೂ ಡಾಲರ್ ಮೂಲಕವೇ ಓಡಾಡೋದು. ಪರದೆ ಮೇಲೆ ಕಾಣುವ ಸಂಖ್ಯೆ ಯಾರೋ ಭಾಗಿಸಿ ಇಟ್ಟದ್ದು. ಯಾವ ದಿನದ್ದು, ಕೊಳ್ಳುವ ದರವೋ ಮಾರುವ ದರವೋ, ಅದು ಹೇಳೋದಿಲ್ಲ. ಆ ಭಾಗಾಕಾರ ನಾವೇ ಮಾಡಿದರಾಯಿತು.

ಲೆಕ್ಕ ಸುಲಭ. ಒಂದು ಡಾಲರ್‌ಗೆ ಎಷ್ಟು ಡಾಂಗ್ ಅನ್ನೋದನ್ನು ಒಂದು ಡಾಲರ್‌ಗೆ ಎಷ್ಟು ಲಂಕಾ ರೂಪಾಯಿ ಅನ್ನೋದರಿಂದ ಭಾಗಿಸಿ. ಒಂದು ಲಂಕಾ ರೂಪಾಯಿಗೆ ಎಷ್ಟು ಡಾಂಗ್ ಅಂತ ಸಿಗುತ್ತದೆ. 2022ರ ಮಾರ್ಚ್ ಮೊದಲ ವಾರ ತೆಗೆದುಕೊಳ್ಳಿ. ಡಾಲರ್‌ಗೆ ಸುಮಾರು 22,840 ಡಾಂಗ್, ಸುಮಾರು 202 ಲಂಕಾ ರೂಪಾಯಿ. ಭಾಗಿಸಿದರೆ 113. ಮಾರ್ಚ್ 7ರಂದು ಲಂಕೆಯ ಸೆಂಟ್ರಲ್ ಬ್ಯಾಂಕ್ ರೂಪಾಯಿಯ ಹಿಡಿತ ಬಿಟ್ಟಿತು. ಮೇ ಮಧ್ಯಕ್ಕೆ ಡಾಂಗ್ 23,100ರ ಆಸುಪಾಸು, ಲಂಕಾ ರೂಪಾಯಿ 360ರ ಹತ್ತಿರ. ಈಗ ಉತ್ತರ 64.

ಇದನ್ನು ಮೆಣಸಿಗೆ ಹಚ್ಚಿ ನೋಡಿ. ಲೆಕ್ಕಕ್ಕೆ ಅಂತ ಮಾತಲೆಯಲ್ಲಿ ಕಿಲೋಗೆ 1,000 ಲಂಕಾ ರೂಪಾಯಿ ಇಟ್ಟುಕೊಳ್ಳಿ. ಮಾರ್ಚ್‌ನಲ್ಲಿ ಅದು 1,13,000 ಡಾಂಗ್, ಮೇನಲ್ಲಿ ಬರೀ 64,000. ಮೊದಲಿನ ಮಟ್ಟದಲ್ಲೇ ನಿಲ್ಲಬೇಕಾದರೆ ಅಲ್ಲಿ ಕಿಲೋಗೆ 1,760 ರೂಪಾಯಿ ಆಗಬೇಕಿತ್ತು. "ಲಂಕೆಯಲ್ಲಿ ರೇಟು ಏರಿದೆ, ನಮಗೂ ಏರುತ್ತೆ" ಅಂತ ಯಾರಾದರೂ ಹೇಳಿದರೆ ಮೊದಲು ಈ ಭಾಗಾಕಾರ ಮಾಡಿ ತೋರಿಸಿ. ಲೀಟರ್ ತೂಕವನ್ನೂ, ಅಂದರೆ ಒಂದು ಲೀಟರ್ ಮೆಣಸು ಎಷ್ಟು ಗ್ರಾಂ ತೂಗುತ್ತದೆ ಅನ್ನೋದನ್ನೂ ಕೇಳಿ. ವಿಯೆಟ್ನಾಂ ದರ 500 ಗ್ರಾಂನದೋ 550 ಗ್ರಾಂನದೋ ಗೊತ್ತಿಲ್ಲದೆ ಹೋಲಿಸಿದರೆ ವಿನಿಮಯ ದರ ಎಷ್ಟು ಸರಿ ಇದ್ದರೂ ಸುಮ್ನೆ.

ಲಂಕೆಯ ದರಕ್ಕೆ ಅಲ್ಲಿಯ ಸೆಂಟ್ರಲ್ ಬ್ಯಾಂಕಿನ ವೆಬ್‌ಸೈಟೇ ಸಾಕು. ಟಿಟಿ (ತಂತಿ ವರ್ಗಾವಣೆ) ದರ ಅಂತ ಬ್ಯಾಂಕ್ ಡಾಲರ್ ಕೊಳ್ಳುವುದು, ಮಾರುವುದು ಎರಡನ್ನೂ ದಿನವಾರು ಕೊಡುತ್ತಾರೆ. 2022ರ ಮೇನಲ್ಲಿ ಈ ಎರಡರ ನಡುವೆ ಸುಮಾರು ಹತ್ತು ರೂಪಾಯಿ ಅಂತರ ಇತ್ತು, ಅಂದರೆ ಹತ್ತಿರ ಹತ್ತಿರ ನೂರಕ್ಕೆ ಮೂರು. ಬೆಲೆ ಹೋಲಿಸಲು ಎರಡು ದೇಶದ್ದೂ ನಡುದರ, ಅಂದರೆ ಕೊಳ್ಳುವ ಮಾರುವ ದರಗಳ ಸರಾಸರಿ ತೆಗೆದುಕೊಳ್ಳಿ. ಕೊಲಂಬೊ ವ್ಯಾಪಾರಿ ನಿಜವಾಗಿ ಎಷ್ಟು ಕೊಟ್ಟಿರಬಹುದು ಅನ್ನೋದು ಬೇಕಾದರೆ ಲೆಕ್ಕ ಬೇರೆ. ಅವನು ಡಾಲರ್ ಕೊಳ್ಳುವುದು ಬ್ಯಾಂಕ್ ಮಾರುವ ದರದಲ್ಲಿ, ವಿಯೆಟ್ನಾಂ ರಫ್ತುದಾರ ಡಾಲರ್ ಬಿಡಿಸುವುದು ಬ್ಯಾಂಕ್ ಕೊಳ್ಳುವ ದರದಲ್ಲಿ.

ಡಾಂಗ್ ಕಡೆ ಜಾಸ್ತಿ ಎಚ್ಚರ ಬೇಕು. ಅಲ್ಲಿಯ ಸ್ಟೇಟ್ ಬ್ಯಾಂಕ್ 2016ರ ಜನವರಿಯಿಂದ ದಿನಾ ಒಂದು ಕೇಂದ್ರ ದರ ಹೊರಡಿಸುತ್ತದೆ. ಬ್ಯಾಂಕುಗಳು ಅದರ ಮೇಲೆ ಕೆಳಗೆ ಒಂದು ಮಿತಿಯೊಳಗೆ ವ್ಯವಹಾರ ಮಾಡುತ್ತವೆ. ಮಿತಿ ಮೊದಲು ಶೇ 3 ಇತ್ತು, 2022ರ ಅಕ್ಟೋಬರ್ 17ರಿಂದ ಶೇ 5 ಆಯಿತು. ಆ ವರ್ಷದ ಕೊನೆಯ ತಿಂಗಳುಗಳಲ್ಲಿ ಕೇಂದ್ರ ದರಕ್ಕೂ ಬ್ಯಾಂಕಿನ ಕಿಟಕಿಯ ದರಕ್ಕೂ ದೊಡ್ಡ ಅಂತರ. ಆದ್ದರಿಂದ ವಿಯೆಟ್‌ಕಾಂಬ್ಯಾಂಕ್‌ನಂಥ ದೊಡ್ಡ ಬ್ಯಾಂಕ್ ಪ್ರಕಟಿಸಿದ ದರವೇ ಮೇಲು. ಇನ್ನು 2011ರ ಫೆಬ್ರವರಿ 11ರಂದು ಡಾಲರ್‌ನ ಅಧಿಕೃತ ದರ ಒಂದೇ ದಿನಕ್ಕೆ ಶೇ 9ಕ್ಕಿಂತ ಜಾಸ್ತಿ ಏರಿತು, ಅಂದರೆ ಡಾಂಗ್ ಇಳಿಯಿತು. ಸರ್ಕಾರವೇ ಇಳಿಸಿದ್ದು. ನಿಮ್ಮ ಪಟ್ಟಿಯಲ್ಲಿ ಅಲ್ಲೊಂದು ಮೆಟ್ಟಿಲು ಕಂಡರೆ ಟೈಪಿಂಗ್ ತಪ್ಪು ಅಂತ ಅಳಿಸಬೇಡಿ.

ಲಂಕೆಯ ಕಡೆ ಇದರ ಉಲ್ಟಾ ತೊಂದರೆ. 2021ರ ಸೆಪ್ಟೆಂಬರ್‌ನಿಂದ 2022ರ ಮಾರ್ಚ್ ಮೊದಲ ವಾರದವರೆಗೆ ದರ 200ರ ಸುತ್ತ ಗೂಟ ಹೊಡೆದ ಹಾಗೆ ನಿಂತಿದೆ. ಅದು ಕಾಗದದ ದರ. ಬ್ಯಾಂಕಿನಲ್ಲಿ ಡಾಲರ್ ಸಿಗುತ್ತಿರಲಿಲ್ಲ, ಹವಾಲಾದಲ್ಲಿ ಬೆಲೆ ಜಾಸ್ತಿ. ಆ ತಿಂಗಳುಗಳ ಸಾಲಿಗೆ ನಾನು ಬೇರೆ ಬಣ್ಣ ಹಚ್ಚಿ ಇಟ್ಟಿದ್ದೇನೆ. ತೀರ್ಮಾನಕ್ಕೆ ಅವನ್ನು ನೆಚ್ಚೋದಿಲ್ಲ.

ಎರಡೂ ದರ ಒಂದೇ ದಿನದ್ದಾಗಿರಲಿ. ಲಂಕೆಯಲ್ಲಿ ಪ್ರತಿ ಹುಣ್ಣಿಮೆಗೆ ಪೋಯ ರಜೆ, ಏಪ್ರಿಲ್ ಮಧ್ಯದಲ್ಲಿ ಹೊಸ ವರ್ಷ. ವಿಯೆಟ್ನಾಂನಲ್ಲಿ ಟೆಟ್ ಅನ್ನುವ ಹೊಸ ವರ್ಷದ ಹಬ್ಬಕ್ಕೆ ಸರಿಸುಮಾರು ಒಂದು ವಾರ ಬ್ಯಾಂಕ್ ಮುಚ್ಚಿರುತ್ತದೆ. ಒಂದು ಕಡೆ ರಜೆ ಇದ್ದರೆ ಎರಡೂ ಕಡೆ ತೆರೆದಿದ್ದ ಹಿಂದಿನ ದಿನಕ್ಕೆ ಹೋಗಿ.

ಸರಾಸರಿ ಬೇಕಾದರೆ ದಿನದ ದರಗಳನ್ನು ಮೊದಲು ಭಾಗಿಸಿ, ಆಮೇಲೆ ತಿಂಗಳ ಸರಾಸರಿ ತೆಗೆಯಿರಿ. ವರ್ಷದ ಸರಾಸರಿ ವಿಶ್ವ ಬ್ಯಾಂಕಿನ ಪಟ್ಟಿಯಲ್ಲಿ ಎರಡೂ ದೇಶಕ್ಕೆ ಸಿಗುತ್ತದೆ, ಆದರೆ ಮೆಣಸಿನ ಲೆಕ್ಕಕ್ಕೆ ಅದು ಬೇಡ. ಲಂಕಾ ರೂಪಾಯಿ 2022ನ್ನು 201ರ ಹತ್ತಿರ ಶುರು ಮಾಡಿ 363ರಲ್ಲಿ ಮುಗಿಸಿತು. ನಡುವಿನ ಯಾವುದೋ ಒಂದು ಸಂಖ್ಯೆ ಹಿಡಿದು ಫೆಬ್ರವರಿಯ ಸರಕು ಅಳೆಯೋಕಾಗುತ್ತಾ?

ಕೊನೆಗೆ ನಮ್ಮ ರೂಪಾಯಿಗೆ ತರಬೇಕಲ್ಲ, ಅದಕ್ಕೂ ಡಾಲರ್ ದಾರಿಯೇ. ರಿಸರ್ವ್ ಬ್ಯಾಂಕಿನ ರೆಫರೆನ್ಸ್ ದರ ಹಳೆಯದೂ ಸಿಗುತ್ತದೆ. 2018ರ ಜುಲೈನಿಂದ ಅದನ್ನು ಲೆಕ್ಕ ಹಾಕುವುದು ಎಫ್‌ಬಿಐಎಲ್ (ಫೈನಾನ್ಷಿಯಲ್ ಬೆಂಚ್‌ಮಾರ್ಕ್ಸ್ ಇಂಡಿಯಾ) ಅನ್ನುವ ಸಂಸ್ಥೆ. ಆದರೆ 2017ರ ಡಿಸೆಂಬರ್‌ನಲ್ಲಿ ಬಂದ ಮೆಣಸಿನ ಕಿಲೋಗೆ 500 ರೂಪಾಯಿಯ ಕನಿಷ್ಠ ಆಮದು ಬೆಲೆಗೆ ಹೋಲಿಸುವಾಗ ಕಸ್ಟಮ್ಸ್‌ನವರು ಪ್ರಕಟಿಸುವ ಡಾಲರ್ ದರ ಹಾಕಿ, ಬಂದರಿನಲ್ಲಿ ನಡೆಯೋದು ಅದೇ. ಕಸ್ಟಮ್ಸ್‌ನವರ ದರಪಟ್ಟಿಯಲ್ಲಿ ಡಾಂಗೂ ಇಲ್ಲ, ಲಂಕಾ ರೂಪಾಯಿಯೂ ಇಲ್ಲ.

ಇನ್ನೊಂದು ಮಾತು. ಫೈಲುಗಳನ್ನು ಮಳೆಗಾಲಕ್ಕೆ ಮುಂಚೆ ಇಳಿಸಿಟ್ಟುಕೊಳ್ಳಿ. ಜುಲೈನಲ್ಲಿ ಮರ ಬಿದ್ದು ಕರೆಂಟ್ ಹೋದರೆ ನೆಟ್‌ವರ್ಕ್ ಯಾವಾಗ ಬರುತ್ತೆ ಅಂತ ನಂಬೋ ಹಾಗಿಲ್ಲ. ಹಾಳೆಯಲ್ಲಿ ಏಳು ಕಾಲಂ ಸಾಕು: ದಿನ, ಡಾಂಗ್, ಲಂಕಾ ರೂಪಾಯಿ, ನಮ್ಮ ರೂಪಾಯಿ, ದರದ ಬಗೆ, ಎಲ್ಲಿಂದ ತೆಗೆದದ್ದು, ಭಾಗಿಸಿದ ಉತ್ತರ. ಉತ್ತರವನ್ನು ಯಾವಾಗಲೂ ಒಂದು ಲಂಕಾ ರೂಪಾಯಿಗೆ ಇಷ್ಟು ಡಾಂಗ್ ಅಂತಲೇ ಬರೆಯಿರಿ. ತಿರುಗಿಸಿ ಬರೆದರೆ 0.0156 ಅಂತ ಬರುತ್ತದೆ, ಅದನ್ನು 0.02 ಅಂತ ಮೊಟಕು ಮಾಡಿದರೆ ಕಾಲು ಭಾಗಕ್ಕಿಂತ ಜಾಸ್ತಿ ತಪ್ಪು ಅಲ್ಲೇ ಸೇರುತ್ತದೆ.