ಮಾತು ಕಳೆದುಕೊಂಡ ಹಿರಿಯರಿಗೆ ಅವರ ಭಾಷೆಯಲ್ಲೇ ಆರೈಕೆ: ಅಮೆರಿಕಕ್ಕೆ ಹೊಸದಾಗಿ ಬಂದ ಕನ್ನಡಿಗರಿಗೆ

ಅಮೆರಿಕಕ್ಕೆ ಹೊಸದಾಗಿ ಬಂದವರಿಗೆ ಮನೆ ಹಿಡಿಯುವುದು, ಡ್ರೈವಿಂಗ್ ಲೈಸೆನ್ಸ್ ಪಡೆಯುವುದು, ಮಕ್ಕಳನ್ನು ಶಾಲೆಗೆ ಸೇರಿಸುವುದು ಇವನ್ನೆಲ್ಲ ಹೇಳಿಕೊಡುವವರು ಬೇಕಾದಷ್ಟು ಜನ ಸಿಗುತ್ತಾರೆ. ಆರು ತಿಂಗಳಿಗೆಂದು ಊರಿನಿಂದ ಬಂದ ತಂದೆತಾಯಿಯೋ, ಗ್ರೀನ್ ಕಾರ್ಡ್ ಪಡೆದು ನಮ್ಮ ಜೊತೆಗೇ ಇರುವ ಅತ್ತೆಮಾವಂದಿರೋ ಒಂದು ಬೆಳಿಗ್ಗೆ ಪಾರ್ಶ್ವವಾಯುವಿಗೆ ತುತ್ತಾಗಿ ಮಾತು ಕಳೆದುಕೊಂಡರೆ ಏನು ಮಾಡಬೇಕೆಂಬುದನ್ನು ಮಾತ್ರ ಯಾರೂ ಮೊದಲೇ ಹೇಳಿರುವುದಿಲ್ಲ. ನನ್ನ ಅತ್ತೆಯವರಿಗೆ ಎಪ್ಪತ್ತೆರಡನೆಯ ವಯಸ್ಸಿನಲ್ಲಿ, ನ್ಯೂಜೆರ್ಸಿಯ ನಮ್ಮ ಅಡುಗೆಮನೆಯಲ್ಲಿ ಹೀಗಾಯಿತು. ಆಗ ಗೊತ್ತಿಲ್ಲದೆ ನಾವು ಕಳೆದುಕೊಂಡ ವಾರಗಳನ್ನು ನೀವು ಕಳೆದುಕೊಳ್ಳಬಾರದು ಎಂಬ ಕಾರಣಕ್ಕೆ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಕಡೆ ಲಕ್ವ ಎಂದ ಕೂಡಲೇ ಕೈಕಾಲು ಬೀಳುವುದಷ್ಟೇ ನೆನಪಿಗೆ ಬರುತ್ತದೆ. ಆದರೆ ಪಾರ್ಶ್ವವಾಯುವಾದವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಅಫೇಸಿಯಾ, ಎಂದರೆ ಭಾಷೆಯ ಶಕ್ತಿ ಕೆಡುವ ತೊಂದರೆ, ಬರುತ್ತದೆ. ಹೆಚ್ಚಿನವರಲ್ಲಿ ಭಾಷೆಯನ್ನು ನಡೆಸುವುದು ಮಿದುಳಿನ ಎಡಭಾಗ. ಅಲ್ಲಿ ರಕ್ತ ಹರಿಯುವುದು ನಿಂತಾಗ ಅಥವಾ ರಕ್ತಸ್ರಾವವಾದಾಗ ಪದಗಳನ್ನು ಹುಡುಕಿ ತೆಗೆಯುವ, ವಾಕ್ಯ ಕಟ್ಟುವ, ಕೇಳಿದ್ದನ್ನು ಅರ್ಥಮಾಡಿಕೊಳ್ಳುವ, ಓದುವ, ಬರೆಯುವ ಶಕ್ತಿ ಒಟ್ಟಾಗಿಯೋ ಬಿಡಿಬಿಡಿಯಾಗಿಯೋ ಕೆಡುತ್ತದೆ. ಬುದ್ಧಿ ಹೋಗಿರುವುದಿಲ್ಲ. ಎದುರಿಗೆ ಕುಳಿತ ಮಗನ ಹೆಸರು ನಾಲಿಗೆಗೆ ಬಾರದಿದ್ದರೂ, ಅವನು ಮಗ ಎಂಬುದು, ಅವನು ಊಟ ಮಾಡಿಲ್ಲ ಎಂಬುದು ತಾಯಿಗೆ ಪೂರ್ತಿ ತಿಳಿದಿರುತ್ತದೆ. ಇದನ್ನು ಮರೆವಿನ ಕಾಯಿಲೆ ಎಂದೋ ಅರಳುಮರಳು ಎಂದೋ ಭಾವಿಸುವ ಮನೆಗಳು ನಮ್ಮಲ್ಲಿ ಇಂದಿಗೂ ಇವೆ, ಅದರಿಂದ ಆಗುವ ನೋವು ದೊಡ್ಡದು.

ಮೊದಲ ಗಂಟೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ಆದರೆ ಹೇಳದೆ ಮುಂದೆ ಹೋಗುವಂತಿಲ್ಲ. ಮುಖ ಒಂದು ಕಡೆಗೆ ಜೋತರೆ, ಒಂದು ಕೈ ಮೇಲೇಳದಿದ್ದರೆ, ಮಾತು ತೊದಲಿದರೆ ಅಥವಾ ಅರ್ಥವಿಲ್ಲದಂತಾದರೆ ಕೂಡಲೇ 911ಕ್ಕೆ ಕರೆ ಮಾಡಿ, ಸ್ಟ್ರೋಕ್ ಎಂಬ ಪದವನ್ನೇ ಬಳಸಿ ಹೇಳಿರಿ. ನಿಮ್ಮ ಕಾರಿನಲ್ಲಿ ಕರೆದೊಯ್ಯಬೇಡಿರಿ. ಆಂಬ್ಯುಲೆನ್ಸ್‌ನವರು ದಾರಿಯಲ್ಲೇ ಆಸ್ಪತ್ರೆಗೆ ಸುದ್ದಿ ಕೊಡುವುದರಿಂದ ಅಲ್ಲಿ ಸ್ಕ್ಯಾನ್ ಸಿದ್ಧವಾಗಿರುತ್ತದೆ. ಸ್ಕ್ಯಾನ್ ಆಗುವ ಮೊದಲು ಆಸ್ಪಿರಿನ್ ಕೊಡಬೇಡಿರಿ, ಏಕೆಂದರೆ ರಕ್ತಸ್ರಾವವಾಗಿದ್ದರೆ ಅದು ಅಪಾಯವನ್ನು ಹೆಚ್ಚಿಸುತ್ತದೆ. ಹೆಪ್ಪನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುವುದರಿಂದ, ಅವರು ಕೊನೆಯ ಬಾರಿ ಸರಿಯಾಗಿದ್ದದ್ದು ಎಷ್ಟು ಗಂಟೆಗೆ ಎಂಬುದೇ ವೈದ್ಯರು ಕೇಳುವ ಮೊದಲ ಪ್ರಶ್ನೆ. ಇನ್ನು ಖರ್ಚಿನ ಭಯದಿಂದ ಯಾರೂ ತಡಮಾಡಬಾರದು. 1986ರ ಎಂಟಾಲಾ ಕಾಯ್ದೆಯ ಪ್ರಕಾರ ತುರ್ತು ವಿಭಾಗದವರು ಹಣ, ವಿಮೆ, ವೀಸಾ ಯಾವುದನ್ನೂ ನೋಡದೆ ರೋಗಿಯನ್ನು ಪರೀಕ್ಷಿಸಿ ಸ್ಥಿತಿಯನ್ನು ಸ್ಥಿರಗೊಳಿಸಲೇಬೇಕು.

ಜೀವ ಉಳಿದ ಮೇಲೆ ಭಾಷೆಯ ಪ್ರಶ್ನೆ ಬರುತ್ತದೆ. ದಾಖಲಾತಿ ಫಾರಂನಲ್ಲಿ ರೋಗಿಯ ಭಾಷೆ ಯಾವುದು ಎಂಬ ಒಂದು ಖಾನೆ ಇರುತ್ತದೆ. ನಾವು ಇಂಗ್ಲಿಷ್ ಬಲ್ಲವರಾದ್ದರಿಂದ, ಆ ಗಾಬರಿಯಲ್ಲಿ, ಅದನ್ನು ಇಂಗ್ಲಿಷ್ ಎಂದೇ ಬಿಟ್ಟುಬಿಡುತ್ತೇವೆ; ಅಥವಾ ಅಲ್ಲಿಯ ಸಿಬ್ಬಂದಿ ನಮ್ಮನ್ನು ನೋಡಿ ಹಿಂದಿ ಎಂದು ತುಂಬಿಕೊಳ್ಳುತ್ತಾರೆ. ಎರಡನ್ನೂ ಆ ದಿನವೇ ತಿದ್ದಿಸಿರಿ. ದುಭಾಷಿ ಸೇವೆಗೆ ಫೋನ್ ಮಾಡಿದಾಗ ಕನ್ನಡ ಎಂಬುದು ಆ ಕಡೆಯವರ ಕಿವಿಗೆ ಕೆನಡಾ ಎಂದು ಕೇಳಿ, ಫ್ರೆಂಚ್ ದುಭಾಷಿಯನ್ನು ಜೋಡಿಸಿದ್ದು ನಮ್ಮಲ್ಲೇ ನಡೆದಿದೆ. ಒಂದೊಂದೇ ಇಂಗ್ಲಿಷ್ ಅಕ್ಷರವನ್ನು ಬಿಡಿಸಿ ಹೇಳಿ, ದಕ್ಷಿಣ ಭಾರತದ ಭಾಷೆ ಎಂದು ಸೇರಿಸಿದರೆ ಈ ತೊಂದರೆ ತಪ್ಪುತ್ತದೆ. ದುಭಾಷಿಯನ್ನು ಕೇಳುವುದು ಯಾರ ದಾಕ್ಷಿಣ್ಯವೂ ಅಲ್ಲ. ಕೇಂದ್ರ ಸರ್ಕಾರದ ಹಣ ಪಡೆಯುವ ಆಸ್ಪತ್ರೆಗಳು, ಎಂದರೆ ಹೆಚ್ಚುಕಡಿಮೆ ಎಲ್ಲ ಆಸ್ಪತ್ರೆಗಳೂ, 1964ರ ನಾಗರಿಕ ಹಕ್ಕುಗಳ ಕಾಯ್ದೆ ಮತ್ತು 2010ರ ಅಫೋರ್ಡಬಲ್ ಕೇರ್ ಆಕ್ಟ್‌ನ 1557ನೇ ಕಲಮಿನ ಪ್ರಕಾರ ಅರ್ಹ ದುಭಾಷಿಯನ್ನು ಉಚಿತವಾಗಿ ಒದಗಿಸಬೇಕು. ನರ್ಸ್ ಒಪ್ಪದಿದ್ದರೆ ರೋಗಿಗಳ ಪರವಾಗಿ ಮಾತನಾಡಲೆಂದೇ ನೇಮಕವಾದ ಪೇಷಂಟ್ ಅಡ್ವೊಕೇಟ್ ಅವರನ್ನು ಕರೆಸಿರಿ.

ಮನೆಯಲ್ಲಿ ಇಂಗ್ಲಿಷ್ ಬಲ್ಲವರು ನಾಲ್ಕು ಜನ ಇರುವಾಗ ದುಭಾಷಿ ಏಕೆ ಎಂದು ನಿಮಗೆ ಅನ್ನಿಸಬಹುದು, ನನಗೂ ಹಾಗೆಯೇ ಅನ್ನಿಸಿತ್ತು. ಮೊದಲ ವಾರ ಸ್ಪೀಚ್ ಥೆರಪಿಸ್ಟ್ ಕೇಳಿದ್ದಕ್ಕೆಲ್ಲ ಅತ್ತೆಯವರ ಉತ್ತರವನ್ನು ನಾನೇ ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ಅವರು "ಅದು... ನೀ... ನೀರ್ ಅಲ್ಲ, ಬಿಸಿ, ಬಟ್ಲು" ಎಂದರೆ ನಾನು "ಬಿಸಿನೀರು ಬೇಕಂತೆ" ಎಂಬ ಪೂರ್ತಿ ವಾಕ್ಯ ಒಪ್ಪಿಸುತ್ತಿದ್ದೆ. ಅವರ ಮುರಿದ ಮಾತನ್ನು ಹೊರಗಿನವರ ಮುಂದೆ ಹಾಗೇ ಇಡಲು ನನಗೆ ಮನಸ್ಸಾಗಲಿಲ್ಲ. ಪರಿಣಾಮವಾಗಿ ತೊಂದರೆ ಸೌಮ್ಯವಾಗಿದೆ ಎಂದು ದಾಖಲೆಯಾಗಿ, ಸಿಗಬೇಕಾಗಿದ್ದ ಥೆರಪಿಯ ಅವಧಿ ಕಡಿಮೆಯಾಯಿತು. ಅಫೇಸಿಯಾದ ಪರೀಕ್ಷೆಯಲ್ಲಿ ರೋಗಿ ಏನು ಹೇಳಬೇಕೆಂದುಕೊಂಡರು ಎಂಬುದಷ್ಟೇ ಮುಖ್ಯವಲ್ಲ, ಅದನ್ನು ಹೇಗೆ ಹೇಳಿದರು ಎಂಬುದು ಅಷ್ಟೇ ಮುಖ್ಯ. ವೃತ್ತಿಯ ದುಭಾಷಿಗಳು ಸಹ ಅಭ್ಯಾಸಬಲದಿಂದ ಮಾತನ್ನು ಅಚ್ಚುಕಟ್ಟು ಮಾಡಿಬಿಡುತ್ತಾರೆ. ಆದ್ದರಿಂದ ಆರಂಭದಲ್ಲೇ ಥೆರಪಿಸ್ಟ್ ಮೂಲಕ ಅವರಿಗೆ ಸ್ಪಷ್ಟವಾಗಿ ತಿಳಿಸಬೇಕು: ತಡವರಿಕೆಯನ್ನು ತಡವರಿಕೆಯಾಗಿಯೇ ಹೇಳಬೇಕು, ಕನ್ನಡದಲ್ಲಿ ಇಲ್ಲದ ಪದ ಬಂದರೆ ಇಲ್ಲ ಎನ್ನಬೇಕು, "ಅವಳು ಬಂದನು" ಎಂಬಂತೆ ಲಿಂಗವೋ ವಿಭಕ್ತಿಯೋ ತಪ್ಪಿದರೆ ಅದನ್ನು ವಿವರಿಸಬೇಕು. ಸಾಧ್ಯವಾದರೆ ಪ್ರತಿ ಸಲವೂ ಒಬ್ಬರೇ ದುಭಾಷಿ ಇರಲಿ, ಫೋನಿಗಿಂತ ವಿಡಿಯೋ ಇರಲಿ, ಏಕೆಂದರೆ ಮಾತು ಸೋತವರ ಅರ್ಧ ಮಾತು ಕೈಸನ್ನೆಯಲ್ಲಿರುತ್ತದೆ.

ಸನ್ನೆಯ ವಿಷಯದಲ್ಲಿ ಒಂದು ಸಂಗತಿಯನ್ನು ನೀವು ನರ್ಸ್‌ಗಳಿಗೆ ಹೇಳಿಯೇ ಹೇಳಬೇಕು. ನಮ್ಮಲ್ಲಿ "ಹೂಂ" ಎಂದರೆ ಹೌದು, "ಊಹೂಂ" ಎಂದರೆ ಇಲ್ಲ. ಇಂಗ್ಲಿಷಿನವರು ಹೌದು ಎನ್ನಲು ಮಾಡುವ ಗಂಟಲ ಸದ್ದು ನಮ್ಮ "ಊಹೂಂ"ಗೆ ತೀರ ಹತ್ತಿರವಾಗಿದೆ. ನೋವಿದೆಯೇ ಎಂದು ಕೇಳಿದಾಗಲೆಲ್ಲ ಅತ್ತೆಯವರು "ಊಹೂಂ" ಎನ್ನುತ್ತಿದ್ದರು, ಪ್ರತಿ ಸಲವೂ ನೋವಿನ ಮಾತ್ರೆ ಬರುತ್ತಿತ್ತು, ಮಾತ್ರೆಯ ಮಂಪರಿನಲ್ಲಿ ಥೆರಪಿಗೆ ಕುಳಿತುಕೊಳ್ಳಲು ಆಗುತ್ತಿರಲಿಲ್ಲ. ನಾವು ಒಪ್ಪಿಗೆ ಸೂಚಿಸಲು ತಲೆಯನ್ನು ಪಕ್ಕದಿಂದ ಪಕ್ಕಕ್ಕೆ ಆಡಿಸುವುದನ್ನೂ ಅವರು ಬೇಡ ಎಂದೇ ಓದುತ್ತಾರೆ. ಹಾಸಿಗೆಯ ಮೇಲಿನ ಗೋಡೆಗೆ ಈ ಎರಡು ವಿಷಯಗಳನ್ನು ಇಂಗ್ಲಿಷಿನಲ್ಲಿ ದೊಡ್ಡದಾಗಿ ಬರೆದು ಅಂಟಿಸಿದ ದಿನದಿಂದ ಸ್ಥಿತಿ ಬದಲಾಯಿತು.

ಪರೀಕ್ಷೆಗಳ ಬಗ್ಗೆಯೂ ತಿಳಿದಿರಬೇಕು. ಇಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಬಾಸ್ಟನ್ ನೇಮಿಂಗ್ ಟೆಸ್ಟ್‌ನಲ್ಲಿ ನೋಡಿ ಹೆಸರು ಹೇಳಬೇಕಾದ 60 ಚಿತ್ರಗಳಿವೆ. ಅವುಗಳಲ್ಲಿ ಬೀವರ್, ಇಗ್ಲೂ, ಆಸ್ಪರಾಗಸ್, ಪ್ರೆಟ್ಜೆಲ್ ಕೂಡ ಸೇರಿವೆ. ಪ್ರೆಟ್ಜೆಲ್ ಚಿತ್ರವನ್ನು ನೋಡಿ ಅತ್ತೆಯವರು ಕಷ್ಟಪಟ್ಟು, ಅಕ್ಷರ ಅಕ್ಷರ ಕೂಡಿಸಿ "ಚಕ್ಕುಲಿ" ಎಂದರು. ಫೋನಿನ ದುಭಾಷಿ ಅದನ್ನು ಎಂಥದ್ದೋ ಕರಿದ ತಿಂಡಿ ಎಂದರು, ಅಂಕ ಸೊನ್ನೆ. ಪಾರ್ಶ್ವವಾಯುವಾದ ಹನ್ನೆರಡನೆಯ ದಿನ ಆ ಪದವನ್ನು ಹುಡುಕಿ ತೆಗೆದ ಮಿದುಳಿಗೆ ಸಿಗಬೇಕಾದದ್ದು ಸೊನ್ನೆಯಲ್ಲ. ಇಂಗ್ಲಿಷೊಂದನ್ನೇ ಆಡುವವರಿಗಾಗಿ ಮಾಡಿದ ಅಳತೆಗೋಲಿನಿಂದ ನಮ್ಮ ಹಿರಿಯರನ್ನು ಅಳೆದರೆ ಕಾಯಿಲೆಯ ಜೊತೆಗೆ ಅವರ ಇಡೀ ಬದುಕೇ ಕೊರತೆಯಾಗಿ ಕಾಣುತ್ತದೆ. ಮೆಕ್‌ಗಿಲ್ ವಿಶ್ವವಿದ್ಯಾಲಯದ ಮಿಷೆಲ್ ಪ್ಯಾರಡಿಸ್ ಅವರು ರೂಪಿಸಿ 1987ರಲ್ಲಿ ಪ್ರಕಟಿಸಿದ ಬೈಲಿಂಗ್ವಲ್ ಅಫೇಸಿಯಾ ಟೆಸ್ಟ್‌ಗೆ ಕನ್ನಡ ರೂಪವಿದೆ. ವೆಸ್ಟರ್ನ್ ಅಫೇಸಿಯಾ ಬ್ಯಾಟರಿ ಎಂಬ ಇನ್ನೊಂದು ಪರೀಕ್ಷೆಯ ಕನ್ನಡ ರೂಪವನ್ನು ಮೈಸೂರಿನಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯವರು ಸಿದ್ಧಪಡಿಸಿದ್ದಾರೆ. ನಿಮ್ಮ ಥೆರಪಿಸ್ಟ್‌ಗೆ ಇವು ಗೊತ್ತಿರಲಾರವು, ಅದು ಅವರ ತಪ್ಪೂ ಅಲ್ಲ; ಆದರೆ ಹೆಸರು ಹೇಳಿ ಕೇಳಿದರೆ ಆಸಕ್ತಿ ಇರುವವರು ಖಂಡಿತ ಹುಡುಕಿ ತರಿಸಿಕೊಳ್ಳುತ್ತಾರೆ. ನಮಗೆ ಎರಡನೆಯದಾಗಿ ಸಿಕ್ಕ ಥೆರಪಿಸ್ಟ್ ಹಾಗೆಯೇ ಮಾಡಿದರು.

ದುಭಾಷಿಯ ಕೆಲಸವನ್ನು ಬಿಟ್ಟುಕೊಟ್ಟ ಮೇಲೆ ಮನೆಯವರಿಗೆ ಉಳಿಯುವ ಕೆಲಸವೊಂದಿದೆ, ಅದನ್ನು ಬೇರೆ ಯಾರೂ ಮಾಡಲಾರರು. ರೋಗಿಯ ಭಾಷೆಗಳ ಚರಿತ್ರೆಯನ್ನು ಒಂದೆರಡು ಪುಟ ಬರೆದುಕೊಡಿರಿ. ನಮ್ಮ ಅತ್ತೆಯವರು ಪಾವಗಡದ ಕಡೆಯವರು. ಮನೆಮಾತು ತೆಲುಗು, ಓದಿದ್ದು ಕನ್ನಡ ಮಾಧ್ಯಮದಲ್ಲಿ, ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಕನ್ನಡದಲ್ಲೇ ಪಾಠ ಹೇಳಿದ್ದು, ಮೊಮ್ಮಕ್ಕಳೊಡನೆ ಅಷ್ಟಿಷ್ಟು ಇಂಗ್ಲಿಷ್. ಲೆಕ್ಕವನ್ನು ಯಾವ ಭಾಷೆಯಲ್ಲಿ ಮಾಡುತ್ತಿದ್ದರು, ಪೂಜೆ ಯಾವುದರಲ್ಲಿ, ಸಿಟ್ಟು ಬಂದರೆ ಯಾವುದರಲ್ಲಿ ಬೈಯುತ್ತಿದ್ದರು, ದಿನಪತ್ರಿಕೆ ಓದುತ್ತಿದ್ದರೇ, ಇಂಗ್ಲಿಷ್ ಅಕ್ಷರ ಬರುತ್ತಿತ್ತೇ, ಬಲಗೈಯವರೋ ಎಡಗೈಯವರೋ, ಕನ್ನಡಕ ಮತ್ತು ಕಿವಿಯ ಯಂತ್ರ ಇವೆಯೇ ಎಂಬುದೆಲ್ಲ ಅದರಲ್ಲಿರಲಿ. ತುಳು, ಕೊಂಕಣಿ, ಕೊಡವ, ಬ್ಯಾರಿ, ಉರ್ದು, ಮರಾಠಿ ಮನೆಮಾತಿನವರು ಇದನ್ನು ಇನ್ನೂ ಎಚ್ಚರಿಕೆಯಿಂದ ಬರೆಯಬೇಕು, ಏಕೆಂದರೆ ಫಾರಂನಲ್ಲಿ ಭಾಷೆಗೆ ಇರುವುದು ಒಂದೇ ಖಾನೆ. ಧಾರವಾಡದ ಕಡೆಯವರಿಗೆ ಅಲ್ಲಿಯ ಕನ್ನಡ ಬಲ್ಲ ದುಭಾಷಿ ಸಿಕ್ಕರೆ ಒಳ್ಳೆಯದು. "ಫ್ಯಾನ್ ಆಫ್ ಮಾಡು" ಎಂಬಂತಹ ಬೆರಕೆ ಮಾತು ನಮಗೆ ಸಹಜವೆಂದೂ, ಅದು ಕಾಯಿಲೆಯ ಲಕ್ಷಣವಲ್ಲವೆಂದೂ ಬರೆಯಿರಿ. ಕಾಯಿಲೆಗೆ ಮುಂಚೆ ಅವರು ಮಾತನಾಡಿದ ವಿಡಿಯೋ ನಿಮ್ಮ ಫೋನಿನಲ್ಲಿದ್ದರೆ ಅದನ್ನು ತೋರಿಸಿರಿ. ಹುಟ್ಟುಹಬ್ಬದ ಎರಡು ನಿಮಿಷದ ವಿಡಿಯೋ ಥೆರಪಿಸ್ಟ್‌ಗೆ ನಮ್ಮ ಹತ್ತು ವಿವರಣೆಗಳಿಗಿಂತ ಹೆಚ್ಚು ಹೇಳಿತು.

ಅತ್ತೆಯವರಿಗೆ ಮೊದಲು ಮರಳಿ ಬಂದದ್ದು ತೆಲುಗಿನ ಎಣಿಕೆ, ಕನ್ನಡ ನಿಧಾನವಾಗಿ ಅದರ ಹಿಂದೆ ಬಂತು. ಮೊದಲು ಕಲಿತ ಭಾಷೆ ಮೊದಲು ಮರಳುತ್ತದೆ ಎಂದು ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸಿನ ಮನಶ್ಶಾಸ್ತ್ರಜ್ಞ ರಿಬೋ ಹೇಳಿದರು. ಅಲ್ಲ, ಹೆಚ್ಚು ಬಳಸುತ್ತಿದ್ದ ಭಾಷೆ ಮೊದಲು ಎಂದು 1895ರಲ್ಲಿ ಅಲ್ಲಿಯದೇ ವೈದ್ಯ ಪಿತ್ರ್ ಹೇಳಿದರು. ಎಲ್ಲರಿಗೂ ಹೊಂದುವ ನಿಯಮ ಯಾವುದೂ ಇಲ್ಲ. ಬಹುಪಾಲು ಜನರಲ್ಲಿ ಎಲ್ಲ ಭಾಷೆಗಳೂ ಹೆಚ್ಚುಕಡಿಮೆ ಜೊತೆಯಾಗಿಯೇ ಸುಧಾರಿಸುತ್ತವೆ. ಈ ಕಾರಣಕ್ಕೇ, "ಗೊಂದಲವಾಗದಿರಲಿ, ಮನೆಯಲ್ಲಿ ಇನ್ನು ಇಂಗ್ಲಿಷ್ ಮಾತ್ರ ಆಡಿ" ಎಂದು ಯಾರಾದರೂ ಸಲಹೆ ಕೊಟ್ಟರೆ ದಯವಿಟ್ಟು ಒಪ್ಪಬೇಡಿರಿ. ಹೆಚ್ಚು ಭಾಷೆ ಬಲ್ಲದ್ದು ಅವರಿಗೆ ಹೊರೆಯಲ್ಲ. ಒಂದು ಭಾಷೆಯಲ್ಲಿ ಪದ ಸಿಗದಿದ್ದಾಗ ಇನ್ನೊಂದರಲ್ಲಿ ಸಿಕ್ಕಿದರೆ ಅದನ್ನು ಸಂತೋಷದಿಂದ ಸ್ವೀಕರಿಸಿ ಮಾತು ಮುಂದುವರಿಸಿರಿ. ಥೆರಪಿ ಯಾವ ಭಾಷೆಯಲ್ಲಿ ನಡೆಯಬೇಕೆಂಬುದನ್ನು ಥೆರಪಿಸ್ಟ್‌ಗೆ ಬರುವ ಭಾಷೆ ನಿರ್ಧರಿಸಬಾರದು. ರೋಗಿ ದಿನವಿಡೀ ಯಾರೊಡನೆ ಏನು ಮಾತನಾಡಬೇಕಾಗಿದೆ ಎಂಬುದು ನಿರ್ಧರಿಸಬೇಕು.

ಹಣದ ವಿಷಯ ಕಠಿಣವಾದದ್ದು. ವಿಸಿಟರ್ ವಿಮೆ ಕೊಳ್ಳುವಾಗ ಇಂತಿಷ್ಟೇ ಎಂದು ಮೊತ್ತ ನಿಗದಿ ಮಾಡಿದ ಅಗ್ಗದ ಪಾಲಿಸಿಗಿಂತ ಕಾಂಪ್ರಿಹೆನ್ಸಿವ್ ಪಾಲಿಸಿಯನ್ನು ಆರಿಸಿರಿ. ಬಿಪಿ, ಸಕ್ಕರೆ ಕಾಯಿಲೆಗಳು ಮೊದಲೇ ಇದ್ದವು ಎಂಬ ಕಾರಣಕ್ಕೆ ಪಾರ್ಶ್ವವಾಯುವನ್ನು ಹೊರಗಿಡುತ್ತದೆಯೇ, ವಯಸ್ಸಿನ ಮಿತಿ ಏನು, ಆಸ್ಪತ್ರೆಯಿಂದ ಬಂದ ಮೇಲಿನ ಥೆರಪಿಗೆ ಕೊಡುತ್ತದೆಯೇ ಎಂಬ ಮೂರನ್ನೂ ಟಿಕೆಟ್ ತೆಗೆಯುವ ಮೊದಲೇ ಓದಿ ನೋಡಿರಿ. ಗ್ರೀನ್ ಕಾರ್ಡ್ ಪಡೆದು ಐದು ವರ್ಷ ಸತತವಾಗಿ ಇಲ್ಲಿ ನೆಲೆಸಿದ, 65 ದಾಟಿದ ಹಿರಿಯರು ಪ್ರೀಮಿಯಂ ಕಟ್ಟಿ ಮೆಡಿಕೇರ್ ಎಂಬ ಸರ್ಕಾರಿ ಆರೋಗ್ಯ ವಿಮೆಗೆ ಸೇರಬಹುದು. ಬಿಲ್ ಕಟ್ಟಲಾಗದವರಿಗಾಗಿ ಲಾಭರಹಿತ ಆಸ್ಪತ್ರೆಗಳಲ್ಲಿ ಲಿಖಿತ ನೆರವಿನ ಯೋಜನೆ ಇರಲೇಬೇಕೆಂದು ಕಾನೂನಿದೆ, ಅದರ ಅರ್ಜಿಯನ್ನು ಕೇಳಿ ಪಡೆಯಿರಿ. ದಾಖಲಾದ ಎರಡು ಮೂರು ದಿನಗಳಲ್ಲೇ ಕೇಸ್ ಮ್ಯಾನೇಜರ್ ಬಂದು ಮುಂದೆ ಎಲ್ಲಿಗೆ ಎಂದು ಕೇಳುತ್ತಾರೆ. ಪುನಶ್ಚೇತನ ಆಸ್ಪತ್ರೆಯಲ್ಲಿ ಸಾಮಾನ್ಯವಾಗಿ ದಿನಕ್ಕೆ ಮೂರು ಗಂಟೆ ಥೆರಪಿ ಇರುತ್ತದೆ. ಭಾಷೆ ಬಾರದಿರುವುದನ್ನು ಥೆರಪಿಯಲ್ಲಿ ಸಹಕರಿಸುತ್ತಿಲ್ಲ ಎಂದು ಬರೆದು ಅಲ್ಲಿಗೆ ಕಳುಹಿಸಲು ಹಿಂಜರಿದರೆ, ದುಭಾಷಿಯ ಜೊತೆಗೆ ಮತ್ತೊಮ್ಮೆ ಪರೀಕ್ಷಿಸಿ ಎಂದು ಒತ್ತಾಯ ಮಾಡಿರಿ. ವಿಮೆ ಮುಗಿದವರಿಗೆ ವಿಶ್ವವಿದ್ಯಾಲಯಗಳ ಸ್ಪೀಚ್ ಥೆರಪಿ ವಿಭಾಗಗಳು ನಡೆಸುವ ಕ್ಲಿನಿಕ್‌ಗಳು ಕಡಿಮೆ ಖರ್ಚಿನಲ್ಲಿ ನೆರವಾಗುತ್ತವೆ.

ಮನೆಗೆ ಬಂದ ಮೇಲೆ ಒಂದು ರಟ್ಟಿನ ಮೇಲೆ ಅವರ ದಿನದ ವಸ್ತುಗಳ ಫೋಟೋ ಅಂಟಿಸಿ, ಕೆಳಗೆ ಕನ್ನಡದಲ್ಲಿ ದಪ್ಪಗೆ ಹೆಸರು ಬರೆಯಿರಿ: ಬಿಸಿನೀರು, ಮಜ್ಜಿಗೆ, ಬಚ್ಚಲು, ಕನ್ನಡಕ, ಶಾಲು. ಅಂಗಡಿಯಲ್ಲಿ ಸಿಗುವ ಚಿತ್ರಪಟಗಳಲ್ಲಿ ಇರುವ ಸ್ಯಾಂಡ್‌ವಿಚ್‌ನಿಂದ ಅವರಿಗೇನೂ ಆಗಬೇಕಾಗಿಲ್ಲ. ಚಿಕ್ಕ ವಾಕ್ಯಗಳಲ್ಲಿ ಮಾತನಾಡಿ, ಟಿವಿ ಆಫ್ ಮಾಡಿ, ಉತ್ತರಕ್ಕೆ ಕಾಯಿರಿ. ಮಾತು ಬಾರದ ಅನೇಕರಿಗೆ ಹಾಡು ಬರುತ್ತದೆ. ಬಾಯಿಪಾಠವಾದ ದೇವರನಾಮ, ವಾರಗಳ ಹೆಸರು, ಮಗ್ಗಿ ಇವೆಲ್ಲ ತಡೆಯಿಲ್ಲದೆ ಹರಿಯುವುದನ್ನು ಕಂಡು ಪೂರ್ತಿ ಗುಣವಾಯಿತೆಂದು ತಿಳಿಯಬೇಡಿರಿ, ಆದರೆ ಅದನ್ನು ದಿನವೂ ಹಾಡಿಸಿರಿ. ಕನ್ನಡ ಕೂಟದ ಕಾರ್ಯಕ್ರಮಗಳಿಗೆ ಕರೆದುಕೊಂಡು ಹೋಗಿರಿ. ಯಾರಾದರೂ ನಿಮ್ಮನ್ನು "ಅಮ್ಮ ಹೇಗಿದ್ದಾರೆ?" ಎಂದು ಕೇಳಿದರೆ ನೀವು ಉತ್ತರಿಸದೆ ಅಮ್ಮನ ಕಡೆಗೇ ತಿರುಗಿ ನೋಡಿರಿ. ಅವರು ಮೌನವಾಗಿ ಊಟ ಬಿಡುತ್ತಿದ್ದರೆ, ನಿದ್ದೆ ಕೆಟ್ಟಿದ್ದರೆ ಖಿನ್ನತೆಯ ಬಗ್ಗೆ ವೈದ್ಯರಿಗೆ ತಿಳಿಸಿರಿ, ಪಾರ್ಶ್ವವಾಯುವಿನ ನಂತರ ಅದು ಬಹಳ ಸಾಮಾನ್ಯ ಮತ್ತು ಅದಕ್ಕೆ ಚಿಕಿತ್ಸೆ ಇದೆ.

ಊರಿಗೆ ಮರಳಲು ವೈದ್ಯರು ಒಪ್ಪಿದ ಮೇಲೆ, ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ, ಮಣಿಪಾಲ ಮತ್ತು ಮಂಗಳೂರಿನಲ್ಲಿ ಕನ್ನಡದಲ್ಲೇ ಥೆರಪಿ ಸಿಗುತ್ತದೆ ಎಂಬುದು ನೆನಪಿರಲಿ. ಹೊರಡುವ ಮೊದಲು ಸ್ಕ್ಯಾನ್‌ನ ಸಿಡಿ, ಡಿಸ್ಚಾರ್ಜ್ ಸಾರಾಂಶ, ಔಷಧಗಳ ಪಟ್ಟಿ ಮತ್ತು ಪ್ರತಿ ಭಾಷೆಯಲ್ಲೂ ಅವರು ಎಲ್ಲಿಯವರೆಗೆ ಬಂದಿದ್ದಾರೆ ಎಂಬ ಥೆರಪಿಸ್ಟ್‌ನ ವರದಿಯನ್ನು ಕೇಳಿ ಪಡೆದು, ಅವರ ಕೈಚೀಲದಲ್ಲೇ ಇಟ್ಟು ಕಳುಹಿಸಿರಿ, ಚೆಕ್‌ಇನ್ ಪೆಟ್ಟಿಗೆಯಲ್ಲಿ ಬೇಡ.