ಕೌದಿ ಕಟ್ಟಿದ ಗೋಡೆ, ಐದು ಸ್ಪೀಕರ್, ಫಿಲ್ಮೋರ್ ಈಸ್ಟ್

ಬೆನ್ನ ಹಿಂದೆ ಚಪ್ಪಾಳೆ ಬಿದ್ದಾಗ ನನ್ನ ಮೈಸೂರಿನ ಗೆಳೆಯ ಸರಕ್ಕನೆ ತಿರುಗಿ ನೋಡಿದ. ಅಲ್ಲಿ ಇದ್ದದ್ದು ಗೋಡೆ, ಗೋಡೆಗೆ ತೂಗುಹಾಕಿದ ಅಮ್ಮನ ಕೌದಿ, ಪಕ್ಕದಲ್ಲಿ ಒಂದು ಪುಟ್ಟ ಸ್ಪೀಕರ್. ಸುತ್ತಲಿಂದಲೂ ಹಾಡು ಕೇಳಲಿ ಅಂತ ನಾನು ಬೇಸ್‌ಮೆಂಟಿನಲ್ಲಿ ಐದು ಸ್ಪೀಕರ್ ಜೋಡಿಸಲು ಒದ್ದಾಡುತ್ತಿದ್ದ ಎರಡು ವರ್ಷವೂ ಅವನದು ಒಂದೇ ರಾಗ: "ಗುರೂ, ಅದು 1971ರ ರೆಕಾರ್ಡಿಂಗು. ಎರಡು ಸ್ಪೀಕರ್‌ನಲ್ಲಿ ಕೇಳಲಿ ಅಂತ ಮಾಡಿದ್ದು. ಹಿಂದಿನಿಂದ ನಾಲ್ಕು ಚಪ್ಪಾಳೆ ಕೇಳೋಕೆ ಇಷ್ಟೆಲ್ಲಾ ಬೇಕಾ?" ಬೇಕು ಅಂತ ಆ ರಾತ್ರಿ ಅವನ ಕತ್ತೇ ಹೇಳಿತು.

ಆಲ್ಬಂ ಯಾವುದು ಅಂದರೆ ಆಲ್ಮನ್ ಬ್ರದರ್ಸ್ ಬ್ಯಾಂಡಿನ 'ಅಟ್ ಫಿಲ್ಮೋರ್ ಈಸ್ಟ್'. ಈ ಅಮೆರಿಕನ್ ರಾಕ್ ತಂಡ ಫಿಲ್ಮೋರ್ ಈಸ್ಟ್ ಅನ್ನುವ ಥಿಯೇಟರಿನಲ್ಲಿ ನುಡಿಸಿದ ಕಚೇರಿಯ ರೆಕಾರ್ಡಿಂಗು. ನಾನಿರುವುದು ಅಟ್ಲಾಂಟಾದ ಉತ್ತರಕ್ಕೆ. ಐ-75 ಹಿಡಿದು ಒಂದೂವರೆ ಗಂಟೆ ದಕ್ಷಿಣಕ್ಕೆ ಹೋದರೆ ಇವರ ಊರು ಮೇಕನ್. ರೆಕಾರ್ಡ್ ಆಗಿದ್ದು ನ್ಯೂಯಾರ್ಕಿನಲ್ಲಾದರೂ, ಕವರಿನ ಮೇಲೆ ಪೆಟ್ಟಿಗೆಗಳ ಮುಂದೆ ಕೂತು ನಗುತ್ತಿದ್ದಾರಲ್ಲ, ಆ ಇಟ್ಟಿಗೆ ಗೋಡೆ ಮೇಕನ್ನಿನದು. ಅದೇ ವರ್ಷ ಅಕ್ಟೋಬರಿನಲ್ಲಿ ಬ್ಯಾಂಡಿನ ಗಿಟಾರಿಸ್ಟ್ ಡುವೇನ್ ಆಲ್ಮನ್ ಬೈಕ್ ಅಪಘಾತದಲ್ಲಿ ಹೋಗಿದ್ದೂ ಅದೇ ಊರಲ್ಲಿ. ಇಷ್ಟು ಹತ್ತಿರ ಇದ್ದುಕೊಂಡು ಸೌಂಡ್‌ಬಾರಿನಲ್ಲಿ ಇವರನ್ನು ಕೇಳುವುದೇ ಅಂತ ಒಂದು ಚುಚ್ಚು ನನಗೆ ಇದ್ದೇ ಇತ್ತು.

ಸೌಂಡ್‌ಬಾರಿಗೆ 350 ಡಾಲರ್ ಹತ್ತಿರ ಸುರಿದಿದ್ದೆ. ಪೆಟ್ಟಿಗೆಯ ಮೇಲೆ 5.1 (ಐದು ಸ್ಪೀಕರು, ಬೇಸಿಗೆ ಅಂತ ಒಂದು ಸಬ್‌ವೂಫರು) ಅಂತ ದೊಡ್ಡದಾಗಿ ಬರೆದಿತ್ತು. ಅದರ ಹಿಂದಿನ ಸ್ಪೀಕರ್‌ಗಳು ಕರಡಿಗೆಯಷ್ಟಿದ್ದವು, ದನಿಯೂ ಅಷ್ಟೇ. ವಾಪಸ್ ಮಾಡುವ ಗಡುವು ಮುಗಿದ ಮೇಲೆ ಜ್ಞಾನೋದಯವಾಯಿತು. ಈಗ ಅದರಲ್ಲಿ ಮಕ್ಕಳು ಕಾರ್ಟೂನ್ ನೋಡುತ್ತಾರೆ.

ಆಮೇಲೆ ಇದೇ ಆಲ್ಬಮ್ಮಿನ 2004ರ ಎಸ್‌ಎಸಿಡಿ ಹಿಡಿದೆ, ಅಂದರೆ ಐದೂ ಸ್ಪೀಕರಿಗೆ ಬೇರೆ ಬೇರೆ ಸದ್ದು ತುಂಬಿದ, ಸಿಡಿಯಂಥದ್ದೇ ಡಿಸ್ಕು. ಸೆಕೆಂಡ್‌ಹ್ಯಾಂಡ್, 65 ಡಾಲರ್ ಇರಬೇಕು. ಇನ್ನು ನಾಚಿಕೆಯ ವಿಷಯ. ಮೂರು ತಿಂಗಳು ನಾನು ಅದರಲ್ಲಿ ಕೇಳಿದ್ದು ಬರೀ ಸಿಡಿ. ಹೈಬ್ರಿಡ್ ಡಿಸ್ಕಿನಲ್ಲಿ ಮಾಮೂಲಿ ಸಿಡಿಯದೊಂದು, ಎಸ್‌ಎಸಿಡಿಯದೊಂದು ಅಂತ ಎರಡು ಪದರ ಇರುತ್ತದೆ, ಪ್ಲೇಯರ್ ತೆಪ್ಪಗೆ ಸಿಡಿ ಪದರ ಓದುತ್ತಿತ್ತು, ಸ್ಪೀಕರ್‌ಗಳಿಗೆ ಸದ್ದು ಹಂಚುವ ರಿಸೀವರ್ ಆ ಎರಡು ಚಾನೆಲನ್ನೇ ಹಿಗ್ಗಿಸಿ ಐದರಲ್ಲೂ ಊದುತ್ತಿತ್ತು. ನಾನೋ "ಆಹಾ, ಏನು ಸರೌಂಡು" ಅಂತ ಮೂರು ಮನೆಯವರನ್ನು ಕರೆದು ಕೇಳಿಸಿದ್ದೂ ಆಗಿತ್ತು. ಒಂದು ದಿನ ರಿಸೀವರಿನ ಪರದೆ ನೋಡಿದರೆ 44.1 ಅಂತಿದೆ, ಅದು ಮಾಮೂಲಿ ಸಿಡಿಯ ಅಂಕಿ! ಥ್ರಿಫ್ಟ್ ಅಂಗಡಿಯಲ್ಲಿ 30 ಡಾಲರಿಗೆ ಸೋನಿಯ ಹಳೇ ಬ್ಲೂ-ರೇ ಪ್ಲೇಯರ್ ಸಿಕ್ಕಿತು (ಅವರ ಹಳೇ ಮಾಡೆಲ್‌ಗಳಲ್ಲಿ ಕೆಲವು ಎಸ್‌ಎಸಿಡಿ ಓದುತ್ತವೆ, ಮಾಡೆಲ್ ಸಂಖ್ಯೆ ನೋಡಿಕೊಂಡು ತಗೊಳ್ಳಿ). ಅದರ ಮೆನುವಿನಲ್ಲೂ 2 ಚಾನೆಲ್ಲೋ ಮಲ್ಟಿಯೋ ಅಂತ ಒಂದು ಆಯ್ಕೆ ಅಡಗಿ ಕೂತಿರುತ್ತದೆ. ನನ್ನದರಲ್ಲಿ 2ಕ್ಕೆ ಇತ್ತು. ಇನ್ನೊಂದು ವಾರ ಹೋಯಿತು.

40 ಡಾಲರಿಗೆ ಕೊಂಡಿದ್ದ ರಿಸೀವರಿನದು ಇನ್ನೊಂದು ರಗಳೆ. ಎಚ್‌ಡಿಎಂಐ ತೂತು ಇದೆ, ಆದರೆ ಅದು ಚಿತ್ರವನ್ನು ಟಿವಿಗೆ ದಾಟಿಸುತ್ತದೆಯೇ ಹೊರತು ಸದ್ದನ್ನು ಮುಟ್ಟುವುದಿಲ್ಲ. ಸರಿ, ಪ್ರತಿ ಚಾನೆಲಿಗೂ ಬೇರೆ ಅನಲಾಗ್ ಔಟ್ ಇರುವ ಪ್ಲೇಯರ್ ಸಾಲ ತಂದು, ಆರು ಆರ್‌ಸಿಎ ಕೇಬಲ್ ಎಳೆದೆ. ಹಾಡು ಬಂತು, ಬ್ಯಾಂಡಿನ ಬೇಸ್ ಗಿಟಾರಿಸ್ಟ್ ಬೆರಿ ಓಕ್ಲಿಯ ಬೇಸ್ ಮಾಯ. ಆ ದಾರಿಯಲ್ಲಿ ಬಂದರೆ ಬೇಸ್ ಮ್ಯಾನೇಜ್‌ಮೆಂಟ್ ಇಲ್ಲ, ಸಣ್ಣ ಸ್ಪೀಕರ್‌ಗಳು ಕೊಡಲಾರದ ಬೇಸು ಸಬ್‌ವೂಫರಿಗೆ ಹೋಗುವುದೇ ಇಲ್ಲ. ಕೊನೆಗೆ 95 ಕೊಟ್ಟು ಸರಿಯಾದ ರಿಸೀವರ್ ತಂದು 80 ಹರ್ಟ್ಸ್‌ಗಿಂತ ಕೆಳಗಿನದನ್ನು ಸಬ್‌ವೂಫರಿಗೆ ತಿರುಗಿಸಿದ ಮೇಲೆ ಓಕ್ಲಿ ವಾಪಸ್ ಬಂದ.

ಈಗ ನಾನು ಹಟ ಹಿಡಿದು ಮಾಡಿದ್ದು, ಎಲ್ಲರೂ ಬೇಡ ಅಂದದ್ದು: ಐದೂ ಸ್ಪೀಕರ್ ಒಂದೇ ಮಾಡೆಲ್. ಸಾಮಾನ್ಯವಾಗಿ ಎಲ್ಲರೂ ಇಡುವುದು ಮುಂದೆ ದೊಡ್ಡ ಟವರ್, ನಡುವೆ ಇನ್ಯಾವುದೋ ಅಡ್ಡ ಪೆಟ್ಟಿಗೆ, ಹಿಂದೆ ಹೆಸರಿಗೆ ಎರಡು. ಸಿನಿಮಾಕ್ಕೆ ಇಷ್ಟು ಸಾಕು. ನಾನೂ ಹಾಗೇ ಶುರು ಮಾಡಿದ್ದು. ಸ್ಪೀಕರ್ ಪರೀಕ್ಷಿಸುವ ಪಿಂಕ್ ನಾಯ್ಸ್ ಸದ್ದು ಹಾಕಿದೆ. ಎಡದಿಂದ 'ಸ್ಸ್' ಅಂತ ಬಂದದ್ದು ನಡುವಿಗೆ ಬರುತ್ತಲೇ ಬಕೆಟ್ಟಿನೊಳಗೆ ಮುಖ ಇಟ್ಟು ಉಸಿರುಬಿಟ್ಟ ಹಾಗಾಯಿತು, ಬಲಕ್ಕೆ ಹೋದಾಗ ಮತ್ತೆ ಸರಿ. ಎಲ್ಲಾ ಮಾರಿ ಒಂದೇ ಜಾತಿಯ ಬುಕ್‌ಶೆಲ್ಫ್ ಸ್ಪೀಕರ್ ಮೂರು ಜೋಡಿ ಕೊಂಡೆ, ಜೋಡಿಗೆ 80ರಂತೆ. ಜೋಡಿಯಲ್ಲೇ ಮಾರುವುದರಿಂದ ಆರನೆಯದು ದಂಡ. ಅದು ಈಗ ಅಕ್ಕಿ ಮೂಟೆಯ ಪಕ್ಕದಲ್ಲಿದೆ. ಗ್ಯಾರೇಜ್ ಸೇಲಿನ ಸಬ್‌ವೂಫರ್ 75. ಅದನ್ನು ನಾನು ಕೂರುವ ಸೋಫಾದ ಮೇಲಿಟ್ಟು, ಗೋಡೆಗುಂಟ ಅಂಬೆಗಾಲಿಟ್ಟು, ಬೇಸ್ ಎಲ್ಲಿ ಚೊಕ್ಕ ಕೇಳಿಸಿತೋ ಅಲ್ಲಿಗೆ ಸಾಗಿಸಿದೆ. ಮೆಟ್ಟಿಲ ಮೇಲೆ ನಿಂತಿದ್ದ ಹೆಂಡತಿ ಏನೂ ಕೇಳದೆ ಮೇಲೆ ಹೋದಳು. ವೈರು, ಸ್ಟ್ಯಾಂಡು ಸೇರಿಸಿ 600ರ ಆಸುಪಾಸು. ಸೌಂಡ್‌ಬಾರು, ದಂಡವಾದ ರಿಸೀವರು ಈ ಲೆಕ್ಕದಲ್ಲಿಲ್ಲ. ಮನೆಯಲ್ಲೂ ಆ ಲೆಕ್ಕ ಒಪ್ಪಿಸಿಲ್ಲ.

ಬೇಸ್‌ಮೆಂಟ್ ಹೆಚ್ಚುಕಮ್ಮಿ 12 ಅಡಿ 20 ಅಡಿ, ಒಂದು ಕಡೆ ಬೋಳು ಕಾಂಕ್ರೀಟು. ಚಿಟಿಕೆ ಹೊಡೆದರೆ 'ಟರ್ರ್' ಅನ್ನುತ್ತಿತ್ತು. ಬುಚ್ ಟ್ರಕ್ಸ್, ಜೈಮೋ ಇಬ್ಬರೂ ಡ್ರಮ್ ಬಾರಿಸುವಾಗ ಅದು ಇಬ್ಬರ ಬದಲು ಆರು ಜನ ಆಗುತ್ತಿತ್ತು. ಪ್ರತಿಧ್ವನಿ ಹೀರುವ ಅಂಗಡಿಯ ಪ್ಯಾನೆಲ್‌ಗಳ ಬೆಲೆ ನೋಡಿ ಕೈಬಿಟ್ಟೆ. ಧಾರವಾಡದಿಂದ ಅಮ್ಮ ತಂದಿದ್ದ ಕೌದಿ ನೆನಪಾಯಿತು. ಹಳೇ ಇಳಕಲ್ ಸೀರೆ, ಅಪ್ಪನ ಧೋತರ, ಏಳೆಂಟು ಪದರ, ಗೇಣಿಗೆ ಹತ್ತು ಹೊಲಿಗೆ. ಗೋಡೆಗೆ ಅಂಟಿಸದೆ ಮೂರು ಇಂಚು ಮುಂದೆ, ಕೋಲಿಗೆ ತೂಗುಬಿಟ್ಟೆ. ಆ ಸಂದಿಯಲ್ಲೇ ಮಜಾ ಇರುವುದು, ಅಂಟಿಸಿದರೆ ಬರೀ ಕೀಚು ದನಿ ಹೀರುತ್ತದೆ. ಅಮ್ಮ ಕೆಳಗಿಳಿದು ಬಂದು ನೋಡಿ, "ಯಾಕಪಾ, ಗ್ವಾಡಿಗೂ ಥಂಡಿ ಆಗತೈತೇನು?" ಅಂದಳು. ಎರಡನೇ ಕೌದಿ ಕೇಳಿದಾಗ ಕೊಡಲಿಲ್ಲ.

ಹಿಂದಿನ ಎರಡನ್ನು ಪಕ್ಕಕ್ಕೆ, ನೇರ ಮುಂದಿನಿಂದ ಅಳೆದರೆ 110 ಡಿಗ್ರಿಯ ಹತ್ತಿರ ಇಟ್ಟಿದ್ದೇನೆ. ರಿಸೀವರಿನ ಮೈಕ್ ತಾನೇ ಅಳೆದು ಕೊಟ್ಟ ಮಟ್ಟವನ್ನು ನಂಬಬೇಡಿ, ಹಿಂದಿನವನ್ನು ಎರಡು ಮೂರು ಡೆಸಿಬೆಲ್ ಇಳಿಸಿ. ಹಿಂದೆ ಸ್ಪೀಕರ್ ಇದೆ ಅಂತ ಗೊತ್ತಾಯಿತು ಅಂದರೆ ಜೋರಾಯಿತು ಅಂತ ಅರ್ಥ. ಇನ್ನು ದೂರದ ಅಂಕಿ. ಸದ್ದಿಗೆ ಅಡಿ ದಾಟಲು ಸುಮಾರು ಒಂದು ಮಿಲಿಸೆಕೆಂಡ್ ಬೇಕು, ಸ್ಪೀಕರ್ ಎಷ್ಟು ಹತ್ತಿರವೋ ಅದರ ಸದ್ದನ್ನು ರಿಸೀವರ್ ಅಷ್ಟು ತಡ ಮಾಡುತ್ತದೆ. ಅಲ್ಲಿ ನಾನು ರಿಸೀವರಿಗೆ ಸುಳ್ಳು ಹೇಳಿದ್ದೇನೆ, ಹಿಂದಿನ ಸ್ಪೀಕರ್‌ಗಳು ಇರುವುದಕ್ಕಿಂತ ಹತ್ತಿರ ಇವೆ ಅಂತ. ಕೋಣೆ ಹಿಗ್ಗಿ ಥಿಯೇಟರ್ ಆಗುವುದು ಅದರಿಂದಲೇ. ಎಷ್ಟು ಅಡಿ ಸುಳ್ಳು ಅನ್ನುವುದು ಮನೆಗೆ ಬಂದು ಕಾಫಿ ಕುಡಿದವರಿಗೆ ಮಾತ್ರ.

ನಡುವೆ ಒಂದು ಭಾನುವಾರ ಮುಂದಿನ ಮೂರರ ವೈರ್ ಕಿತ್ತು ಹಿಂದಿನ ಎರಡನ್ನೇ ಕೇಳಿದೆ. ಟಿಕೆಟ್ ಸಿಗದೆ ಪಡಸಾಲೆಯಲ್ಲಿ ನಿಂತು ಒಳಗಿನ ಕಚೇರಿ ಕೇಳಿದ ಹಾಗಿತ್ತು. ಇನ್ನೊಂದು ದಿನ ಪಿ.ಬಿ. ಶ್ರೀನಿವಾಸ್ ಅವರ ಹಳೇ ಹಾಡನ್ನು, ಎರಡು ಚಾನೆಲನ್ನು ಐದಕ್ಕೆ ಹಂಚುವ ಪ್ರೊಲಾಜಿಕ್‌ಗೆ ಹಾಕಿದೆ. ಮೋನೋ, ಅಂದರೆ ಒಂದೇ ಚಾನೆಲು ತಾನೇ, ಅಷ್ಟೂ ನಡುವಿನ ಸ್ಪೀಕರಿನಲ್ಲಿ ಕೂತುಬಿಟ್ಟಿತು, ಉಳಿದ ನಾಲ್ಕು ಗಪ್‌ಚಿಪ್. ಅಮ್ಮನ ತೀರ್ಪು: "ಇದ ಛಲೋ ಐತಿ, ಉಳಿದವು ಯಾಕ ಬೇಕು?"

ಗೆಳೆಯನಿಗೆ ಕೇಳಿಸಿದ್ದು ಎಸ್‌ಎಸಿಡಿ ಅಲ್ಲ, 2014ರ ಬ್ಲೂ-ರೇ ಪೆಟ್ಟಿಗೆ. ನೂರರ ಮೇಲಾಯಿತು. 1971ರ ಮಾರ್ಚ್ 12 ಮತ್ತು 13ರ ನಾಲ್ಕೂ ಪ್ರದರ್ಶನ, ಜೂನ್ 27ರ ಥಿಯೇಟರಿನ ಕಡೇ ರಾತ್ರಿ, ಎಲ್ಲಾ 5.1. ನಿರ್ಮಾಪಕ ಟಾಮ್ ಡೌಡ್ ಆಲ್ಬಂಗೆ ಬೇಡವೆಂದು ಬಿಟ್ಟ ಸ್ಯಾಕ್ಸೊಫೋನ್ ಕೂಡ ಇದೆ. ಬಿಟ್ಟದ್ದೇ ಒಳ್ಳೆಯದಾಯಿತು ಬಿಡಿ. ನಾವು ಹಾಕಿದ್ದು 13ರ ಎರಡನೇ ಪ್ರದರ್ಶನ, ಬಾಂಬ್ ಬೆದರಿಕೆಯಿಂದ ತಡವಾಗಿ ಶುರುವಾಗಿ ಬೆಳಗಾಗುವವರೆಗೆ ನಡೆದದ್ದು. 'ಹಾಟ್‌ಲಾಂಟಾ'ದಲ್ಲಿ ಡ್ರಮ್ಮರ್‌ಗಳು ಇಬ್ಬರೇ ಇದ್ದರು, ಆರು ಜನ ಅಲ್ಲ. ಗೆಳೆಯ ಚಪ್ಪಲಿ ಬಿಟ್ಟು ಸೋಫಾದ ಮೇಲೆ ಚಕ್ಕಳಮಕ್ಕಳ ಹಾಕಿದ. 23 ನಿಮಿಷದ 'ವಿಪ್ಪಿಂಗ್ ಪೋಸ್ಟ್' ಮುಗಿಯುವಾಗ ಹನ್ನೆರಡಾಗಿತ್ತು. ಹಳೇ ಆಲ್ಬಂ ಕ್ಷೀಣವಾಗಿ ಮುಗಿಯುವ ಜಾಗದಲ್ಲಿ ಇಲ್ಲಿ ಟ್ರಕ್ಸ್‌ನ ಟಿಂಪನಿ ನಗಾರಿ ಗುಡುಗಿ 'ಮೌಂಟನ್ ಜಾಮ್' ಹಾಗೇ ಶುರುವಾಗುತ್ತದೆ. ಅಷ್ಟರಲ್ಲಿ ಅವನ ಫೋನು, ಮನೆಯಿಂದ.

"ಹೊರಟೆ ಕಣೇ," ಅಂದ. ರಿಮೋಟ್ ನನ್ನ ಕೈಯಿಂದ ಕಿತ್ತುಕೊಂಡು ಎಷ್ಟು ನಿಮಿಷ ಬಾಕಿ ಅಂತ ನೋಡಿದ. "ಇನ್ನು ಮೂವತ್ತಮೂರು ನಿಮಿಷ. ಟ್ರಾಫಿಕ್ ಇದೆ."