ಹಳೆಯ ಕಂಪ್ಯೂಟರೇ ಮನೆಯ ಹಗೇವು

ಕಲಬುರಗಿ ಸೀಮೆಯ ಹಳ್ಳಿಗಳಲ್ಲಿ ಜೋಳ ತುಂಬಿಡಲು ನೆಲದೊಳಗೆ ಹಗೇವು ಇರುತ್ತಿತ್ತು. ಮನೆಯ ಕಾಳೆಲ್ಲ ಒಂದೇ ಕಡೆ, ಬೇಕಾದಾಗ ತೆಗೆದುಕೊಳ್ಳಲು ಸಿಗುವಂತೆ. ಈಗ ಕಾಳಿನಷ್ಟೇ ಬೆಲೆಬಾಳುವ ಹೊಲದ ಪಹಣಿ, ಮಕ್ಕಳ ಅಂಕಪಟ್ಟಿ, ಅಕ್ಕನ ಮದುವೆಯ ಚಿತ್ರಗಳು, ತೀರಿಹೋದ ಅಜ್ಜಿಯ ಧ್ವನಿ, ಎಲ್ಲವೂ ನಾಲ್ಕೈದು ಮೊಬೈಲುಗಳಲ್ಲಿ ಚೆಲ್ಲಾಪಿಲ್ಲಿಯಾಗಿ ಬಿದ್ದಿವೆ. ನಮ್ಮ ಮನೆಯಲ್ಲಿ ಒಂದು ಮೊಬೈಲ್ ನೀರಿಗೆ ಬಿದ್ದು, ಎರಡು ವರ್ಷಗಳ ಶರಣಬಸವೇಶ್ವರ ಜಾತ್ರೆಯ ಚಿತ್ರಗಳು ಅದರೊಂದಿಗೇ ಹೋದವು. ಅವ್ವ ಆ ದಿನ ಪಟ್ಟ ಸಂಕಟ ನನಗೆ ಇನ್ನೂ ನೆನಪಿದೆ. ಮರುದಿನವೇ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಡೆಸ್ಕ್‌ಟಾಪನ್ನು ಹೊರಗೆ ಎಳೆದೆ.

ಇಂತಹ ಯಂತ್ರಗಳು ಈಗ ಅನೇಕ ಮನೆಗಳಲ್ಲಿವೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಹಳೆಯ ಪ್ರೊಸೆಸರುಗಳನ್ನು ಒಪ್ಪುವುದಿಲ್ಲ. ಹಾಗೆಂದು ಯಂತ್ರವನ್ನು ಗುಜರಿಗೆ ತೂಕಕ್ಕೆ ಹಾಕಬೇಡಿ. 64 ಬಿಟ್ ಪ್ರೊಸೆಸರ್ ಮತ್ತು 2 ಜಿಬಿ ರ‍್ಯಾಮ್ ಇದ್ದರೆ ಅದು ಮನೆಯ ಫೈಲ್ ಸರ್ವರ್, ಅಂದರೆ ಮನೆಯವರ ಕಡತಗಳನ್ನೆಲ್ಲ ಒಂದೆಡೆ ಇಟ್ಟು ಕೇಳಿದವರಿಗೆ ಕೊಡುವ ಯಂತ್ರ, ಆಗಬಲ್ಲದು. ಹಳೆಯ ಕೋರ್ 2 ಡ್ಯುಯೋ ಕೂಡ ಸಾಕು. ನಾನು ಆರಿಸಿಕೊಂಡದ್ದು ಓಪನ್‌ಮೀಡಿಯಾವಾಲ್ಟ್ ಎಂಬ ಉಚಿತ, ಮುಕ್ತ ತಂತ್ರಾಂಶವನ್ನು. ವಿಂಡೋಸ್‌ನಂತೆಯೇ ಯಂತ್ರವನ್ನು ನಡೆಸುವ ಡೆಬಿಯನ್ ಲಿನಕ್ಸ್ ಇದಕ್ಕೆ ತಳಪಾಯ. ಇದೇ ಕೆಲಸಕ್ಕೆ ಹೆಸರುವಾಸಿಯಾದ ಟ್ರೂನಾಸ್ ಎಂಬ ತಂತ್ರಾಂಶ ಕನಿಷ್ಠ 8 ಜಿಬಿ ರ‍್ಯಾಮ್ ಕೇಳುತ್ತದೆ, ಹಳೆಯ ಯಂತ್ರಕ್ಕೆ ಅದು ಭಾರ.

ಮೊದಲು ಯಂತ್ರದ ಆರೋಗ್ಯ ನೋಡಿ. ವಿಂಡೋಸ್ ಇನ್ನೂ ಇರುವಾಗಲೇ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶದಿಂದ ಹಾರ್ಡ್ ಡಿಸ್ಕ್ ಪರೀಕ್ಷಿಸಿ. ಹಳದಿ ಅಥವಾ ಕೆಂಪು ಬಣ್ಣ ಬಂದರೆ ಆ ಡಿಸ್ಕನ್ನು ನಂಬಬೇಡಿ. ಬಣ್ಣ ಏನೇ ಇರಲಿ, ಡಿಸ್ಕಿನಲ್ಲಿರುವ ಬೇಕಾದ ಕಡತಗಳನ್ನು ಈಗಲೇ ಬೇರೆಡೆಗೆ ನಕಲಿಸಿಕೊಳ್ಳಿ, ಮುಂದೆ ಎಲ್ಲವೂ ಅಳಿಸಿಹೋಗಲಿದೆ. ಆಮೇಲೆ ಕ್ಯಾಬಿನೆಟ್ ತೆರೆದು ಧೂಳು ಊದಿ. ಪ್ರತಿ ಸಲ ಆರಂಭಿಸಿದಾಗಲೂ ದಿನಾಂಕ ಹಿಂದಕ್ಕೆ ಹೋಗುತ್ತಿದ್ದರೆ ಮದರ್‌ಬೋರ್ಡಿನ ಸಿಆರ್2032 ನಾಣ್ಯದ ಬ್ಯಾಟರಿ ಬದಲಿಸಿ.

ಡಿಸ್ಕುಗಳು ಎರಡು ಬೇಕು. ಓಪನ್‌ಮೀಡಿಯಾವಾಲ್ಟ್ ತಾನು ಕುಳಿತ ಡಿಸ್ಕನ್ನು ಇಡಿಯಾಗಿ ಆಕ್ರಮಿಸಿಕೊಳ್ಳುತ್ತದೆ, ಆದ್ದರಿಂದ ಅದಕ್ಕೊಂದು ಸಣ್ಣ ಎಸ್‌ಎಸ್‌ಡಿ ಕೊಡಿ. ಕಡತಗಳಿಗೆ ದೊಡ್ಡ ಹಾರ್ಡ್ ಡಿಸ್ಕ್ ಇರಲಿ.

ಇನ್ನೊಂದು ಕಂಪ್ಯೂಟರಿನಲ್ಲಿ ಓಪನ್‌ಮೀಡಿಯಾವಾಲ್ಟ್ ಜಾಲತಾಣದಿಂದ ಐಎಸ್‌ಒ ಕಡತವನ್ನು (ಇಡೀ ತಂತ್ರಾಂಶವನ್ನು ಅನುಸ್ಥಾಪಿಸಲು ಬೇಕಾದ ಒಂದೇ ಕಡತ) ಇಳಿಸಿಕೊಂಡು, ರೂಫಸ್ ಅಥವಾ ಬಲೇನಾ ಎಚರ್ ಎಂಬ ತಂತ್ರಾಂಶ ಬಳಸಿ 4 ಜಿಬಿ ಪೆನ್‌ಡ್ರೈವ್‌ಗೆ ಬರೆಯಿರಿ. ಪೆನ್‌ಡ್ರೈವಿನಲ್ಲಿ ಮೊದಲಿದ್ದುದು ಉಳಿಯುವುದಿಲ್ಲ.

ಮುಂದಿನದು ಎಚ್ಚರದ ಹೆಜ್ಜೆ. ಕಡತಗಳ ದೊಡ್ಡ ಡಿಸ್ಕಿನ ಕೇಬಲನ್ನು ಕಿತ್ತಿಡಿ. ಅನುಸ್ಥಾಪನೆಯ ವೇಳೆ ತಪ್ಪು ಡಿಸ್ಕ್ ಆರಿಸಿಕೊಳ್ಳುವುದನ್ನು ತಡೆಯಲು ಇದಕ್ಕಿಂತ ಸರಳ ದಾರಿ ಇಲ್ಲ. ರೌಟರಿನಿಂದ ಕಂಪ್ಯೂಟರಿಗೆ ಲ್ಯಾನ್ ಕೇಬಲ್ ಎಳೆಯಿರಿ, ವೈಫೈ ನೆಚ್ಚಿಕೊಳ್ಳಬೇಡಿ. ಪೆನ್‌ಡ್ರೈವ್ ಚುಚ್ಚಿ, ಆನ್ ಮಾಡಿದ ಕೂಡಲೇ ಎಫ್12, ಎಫ್11 ಅಥವಾ ಎಫ್8 ಒತ್ತಿ ಬೂಟ್ ಪಟ್ಟಿಯಲ್ಲಿ ಅದನ್ನು ಆರಿಸಿ. ಯಾವ ಕೀ ಎಂಬುದು ಮದರ್‌ಬೋರ್ಡಿಗೆ ತಕ್ಕಂತೆ ಬೇರೆ.

ನೀಲಿ ಪರದೆಯ ಮೇಲೆ ಭಾಷೆ, ದೇಶ, ಕೀಬೋರ್ಡ್ ಕೇಳುತ್ತದೆ. ದೇಶಕ್ಕೆ ಭಾರತ ಎಂದು ಕೊಡಿ, ಸಮಯವೂ ಸರಿಹೊಂದುತ್ತದೆ. ಯಂತ್ರದ ಹೆಸರಿಗೆ ಇಂಗ್ಲಿಷಿನಲ್ಲಿ ಸಣ್ಣಕ್ಷರಗಳ ಪದವೊಂದನ್ನು ಬರೆಯಿರಿ. ನಾನು ‘ಹಗೇವು’ ಎಂದೇ ಇಟ್ಟೆ. ರೂಟ್ (ಯಂತ್ರದ ಮೇಲೆ ಪೂರ್ತಿ ಹಕ್ಕಿರುವ ಬಳಕೆದಾರ) ಪಾಸ್‌ವರ್ಡ್ ಕೇಳಿದಾಗ ಗಟ್ಟಿಯಾದದ್ದನ್ನು ಕೊಟ್ಟು ದಿನಚರಿಯಲ್ಲಿ ಬರೆದಿಡಿ. ಪ್ರಾಕ್ಸಿ ಎಂದು ಕೇಳಿದ ಕಡೆ ಖಾಲಿ ಬಿಡಿ. ಕೆಲಸ ಮುಗಿದ ಮೇಲೆ ಪೆನ್‌ಡ್ರೈವ್ ತೆಗೆದು ಮರುಚಾಲನೆ ಮಾಡಿದರೆ ಕಪ್ಪು ಪರದೆಯಲ್ಲಿ 192.168.1.20ರಂತಹ ವಿಳಾಸ ಕಾಣುತ್ತದೆ. ಅದನ್ನು ಬರೆದುಕೊಳ್ಳಿ. ವಿಳಾಸ ಬಾರದಿದ್ದರೆ ರೂಟ್ ಆಗಿ ಒಳಹೊಕ್ಕು ‘ಓಎಂವಿ-ಫಸ್ಟ್‌ಏಡ್’ ಎಂಬ ಆದೇಶವನ್ನು ಇಂಗ್ಲಿಷಿನಲ್ಲಿ ಟೈಪಿಸಿ ನೆಟ್‌ವರ್ಕ್ ಸರಿಪಡಿಸಬಹುದು.

ಈಗ ಯಂತ್ರ ಆಫ್ ಮಾಡಿ, ದೊಡ್ಡ ಡಿಸ್ಕಿನ ಕೇಬಲ್ ಮರಳಿ ಜೋಡಿಸಿ, ಆನ್ ಮಾಡಿ. ಇನ್ನು ಅದಕ್ಕೆ ಮಾನಿಟರ್, ಕೀಬೋರ್ಡ್ ಬೇಡ. ಮೊಬೈಲ್ ಅಥವಾ ಲ್ಯಾಪ್‌ಟಾಪಿನ ಬ್ರೌಸರಿನಲ್ಲಿ ಆ ವಿಳಾಸ ಬರೆದರೆ ಪ್ರವೇಶ ಪುಟ ತೆರೆಯುತ್ತದೆ. ಬಳಕೆದಾರರ ಹೆಸರು ಅಡ್ಮಿನ್, ಪಾಸ್‌ವರ್ಡ್ ತಂತ್ರಾಂಶದ ಹೆಸರೇ, ಎಲ್ಲವೂ ಇಂಗ್ಲಿಷ್ ಸಣ್ಣಕ್ಷರಗಳಲ್ಲಿ. ಇದು ಜಗತ್ತಿಗೆಲ್ಲ ತಿಳಿದ ಪಾಸ್‌ವರ್ಡ್, ಆದ್ದರಿಂದ ಮೊದಲ ಕೆಲಸವೇ ಅದನ್ನು ಬದಲಿಸುವುದು. ರೌಟರಿನ ಪುಟದಲ್ಲೂ ಈ ಯಂತ್ರಕ್ಕೆ ಅದೇ ವಿಳಾಸ ಕಾಯ್ದಿರಿಸಿ. ಇಲ್ಲದಿದ್ದರೆ ಕರೆಂಟ್ ಹೋಗಿ ಬಂದಾಗ ವಿಳಾಸ ಬದಲಾಗಿ ಮನೆಯವರು ಕಂಗಾಲಾಗುತ್ತಾರೆ.

‘ಸ್ಟೋರೇಜ್’ ವಿಭಾಗದಲ್ಲಿ ದೊಡ್ಡ ಡಿಸ್ಕನ್ನು ಅಳಿಸಿ, ಎಕ್ಸ್ಟ್4 ಮಾದರಿಯ ಫೈಲ್ ಸಿಸ್ಟಮ್ (ಡಿಸ್ಕಿನಲ್ಲಿ ಕಡತಗಳನ್ನು ಜೋಡಿಸಿಡುವ ಕ್ರಮ) ರಚಿಸಿ ಮೌಂಟ್ ಮಾಡಿ, ಅಂದರೆ ಬಳಕೆಗೆ ತೆರೆಯಿರಿ. ಆಮೇಲೆ ಹಂಚಿಕೆಯ ಫೋಲ್ಡರುಗಳನ್ನು ಮಾಡಿ. ನಮ್ಮಲ್ಲಿ ಮೂರಿವೆ: ಚಿತ್ರಗಳು, ಕಾಗದಪತ್ರಗಳು, ಮಕ್ಕಳ ಪಾಠ. ಮನೆಯ ಒಬ್ಬೊಬ್ಬರಿಗೂ ಬೇರೆ ಬಳಕೆದಾರರ ಹೆಸರು ಕೊಡಿ. ಕಾಗದಪತ್ರಗಳ ಫೋಲ್ಡರಿನಲ್ಲಿ ಅಪ್ಪನಿಗೆ ಬರೆಯುವ ಹಕ್ಕು, ಮಕ್ಕಳಿಗೆ ಓದುವ ಹಕ್ಕು ಮಾತ್ರ. ಕೊನೆಗೆ ‘ಸರ್ವಿಸಸ್’ ವಿಭಾಗದಲ್ಲಿ ನೆಟ್‌ವರ್ಕಿನಲ್ಲಿ ಕಡತ ಹಂಚುವ ಎಸ್‌ಎಂಬಿ ಸೇವೆ ಚಾಲೂ ಮಾಡಿ, ಫೋಲ್ಡರುಗಳನ್ನು ಸೇರಿಸಿ. ಅಲ್ಲಿಯೇ ‘ರೀಸೈಕಲ್ ಬಿನ್’ ಆಯ್ಕೆಗೂ ಗುರುತು ಹಾಕಿ. ಮಗು ಕೈತಪ್ಪಿ ಅಳಿಸಿದ್ದು ಮರಳಿ ಸಿಗುತ್ತದೆ. ಪ್ರತಿ ಬದಲಾವಣೆಯ ನಂತರ ಮೇಲೆ ಹಳದಿ ಪಟ್ಟಿ ಮೂಡುತ್ತದೆ. ಅದರಲ್ಲಿನ ಗುರುತನ್ನು ಒತ್ತುವ ತನಕ ಮಾಡಿದ್ದು ಜಾರಿಯಾಗುವುದಿಲ್ಲ. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲೇ.

ವಿಂಡೋಸ್‌ನಲ್ಲಿ ಫೈಲ್ ಎಕ್ಸ್‌ಪ್ಲೋರರಿನ ವಿಳಾಸ ಪಟ್ಟಿಯಲ್ಲಿ \\192.168.1.20 ಎಂಬಂತೆ ನಿಮ್ಮ ಯಂತ್ರದ ವಿಳಾಸ ಬರೆದರೆ ಫೋಲ್ಡರುಗಳು ಕಾಣುತ್ತವೆ. ಆಂಡ್ರಾಯ್ಡ್‌ನಲ್ಲಿ ಎಸ್‌ಎಂಬಿ ಬಲ್ಲ ಫೈಲ್ ಮ್ಯಾನೇಜರ್ ಬೇಕು. ಐಫೋನಿನಲ್ಲಿ ‘ಫೈಲ್ಸ್’ ಆ್ಯಪ್ ಸಾಕು. ಮನೆಯ ಹೊರಗಿನಿಂದಲೂ ತೆಗೆಯಬೇಕೆಂದು ರೌಟರಿನಲ್ಲಿ ಪೋರ್ಟ್ (ಇಂಟರ್ನೆಟ್ಟಿನಿಂದ ಒಳಬರುವ ದಾರಿ) ತೆರೆಯಬೇಡಿ. ಮನೆಯ ಕಾಗದಪತ್ರಗಳನ್ನು ಬೀದಿಯಲ್ಲಿಟ್ಟಂತೆ ಆಗುತ್ತದೆ.

ಒಂದು ವಿಷಯವನ್ನು ಒತ್ತಿ ಹೇಳಲೇಬೇಕು. ಸರ್ವರಿನಲ್ಲಿ ಇಟ್ಟ ಮಾತ್ರಕ್ಕೆ ಕಡತ ಉಳಿಯಿತೆಂದು ಭಾವಿಸಬೇಡಿ, ಡಿಸ್ಕ್ ಒಂದಲ್ಲ ಒಂದು ದಿನ ಸಾಯುತ್ತದೆ. ಹಗೇವು ತುಂಬಿದ್ದರೂ ಬಿತ್ತನೆಯ ಬೀಜವನ್ನು ಬೇರೆ ಗಡಿಗೆಯಲ್ಲಿ ಇಡುವಂತೆ, ಇಲ್ಲೂ ಎರಡನೆಯ ಪ್ರತಿ ಬೇಕು. ‘ಯುಎಸ್‌ಬಿ ಬ್ಯಾಕಪ್’ ಎಂಬ ಪ್ಲಗಿನ್ (ಓಪನ್‌ಮೀಡಿಯಾವಾಲ್ಟ್‌ಗೆ ಸೇರಿಸುವ ಪೂರಕ ತಂತ್ರಾಂಶ) ಹಾಕಿಕೊಂಡು ಹೊಂದಿಸಿದರೆ, ಹೊರಗಿನ ಹಾರ್ಡ್ ಡಿಸ್ಕ್ ಚುಚ್ಚಿದೊಡನೆ ನಕಲು ತಾನಾಗಿ ಆರಂಭವಾಗುತ್ತದೆ. ನಾನು ಪ್ರತಿ ಅಮಾವಾಸ್ಯೆಯಂದು ಇದನ್ನು ಮಾಡಿ, ಆ ಡಿಸ್ಕನ್ನು ಅಕ್ಕನ ಮನೆಯಲ್ಲಿ ಇಡುತ್ತೇನೆ.

ನಮ್ಮ ಊರಿನ ಬಿಸಿಲನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ ದಾಟಿರುತ್ತದೆ, ಸಾಮಾನ್ಯ ಹಾರ್ಡ್ ಡಿಸ್ಕುಗಳ ಮಿತಿ 60 ಡಿಗ್ರಿ. ಮುಚ್ಚಿದ ಕಪಾಟು, ಪಡುವಣ ಗೋಡೆ ಬೇಡ, ಗಾಳಿಯಾಡುವ ತಂಪು ಕೋಣೆ ಇರಲಿ. ‘ಸ್ಮಾರ್ಟ್’ ಪುಟದಲ್ಲಿ ಡಿಸ್ಕಿನ ಬಿಸಿ ಕಾಣುತ್ತದೆ, ಬೇಸಿಗೆಯಲ್ಲಿ ವಾರಕ್ಕೊಮ್ಮೆ ನೋಡಿ. ಬರೆಯುತ್ತಿರುವಾಗ ಕರೆಂಟ್ ಹೋದರೆ ಕಡತ ಕೆಡುತ್ತದೆ, ಸಣ್ಣ ಯುಪಿಎಸ್ ಬೇಕೇ ಬೇಕು.

ಕರೆಂಟಿನ ಲೆಕ್ಕವೂ ಇದೆ. 50 ವ್ಯಾಟ್ ಎಳೆಯುವ ಯಂತ್ರ ಹಗಲಿರುಳು ಓಡಿದರೆ ದಿನಕ್ಕೆ 1.2 ಯೂನಿಟ್, ತಿಂಗಳಿಗೆ 36. ಗೃಹಜ್ಯೋತಿಯಲ್ಲಿ ನಿಮಗೆ ನಿಗದಿಯಾದ ಯೂನಿಟ್ ಮೀರಿದರೆ ಹೆಚ್ಚುವರಿಗೆ ದುಡ್ಡು ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್ಲನ್ನು. ಆದ್ದರಿಂದ ನಮ್ಮ ಹಗೇವು ಸಂಜೆ 6ಕ್ಕೆ ತೆರೆದು ರಾತ್ರಿ 11ಕ್ಕೆ ಮುಚ್ಚುತ್ತದೆ. ಬಯಾಸ್‌ನಲ್ಲಿ (ಮದರ್‌ಬೋರ್ಡಿನ ಮೂಲ ಹೊಂದಿಕೆಯ ಪರದೆ) ಅಲಾರಾಂ ಸಮಯ ಕೊಟ್ಟರೆ ಯಂತ್ರ ತಾನೇ ಏಳುತ್ತದೆ, ‘ಪವರ್ ಮ್ಯಾನೇಜ್‌ಮೆಂಟ್’ ಪುಟದಲ್ಲಿ ಮುಚ್ಚುವ ವೇಳೆ ಕೊಟ್ಟರೆ ತಾನೇ ಮಲಗುತ್ತದೆ. ತಿಂಗಳಿಗೆ ಏಳೂವರೆ ಯೂನಿಟ್ಟಿನಲ್ಲಿ ಮುಗಿಯುತ್ತದೆ.